ಮೂವತ್ತೆಂಟು ಪೆನ್ಸಿನ ಡಬ್ಬಿ

ಎಪ್ಪತ್ತೈದನೇ ಇಸವಿಯಲ್ಲಿ ಬೆಲೆಚೀಟಿ ಅಂಟಿಸುವುದೇ ನನಗೊಂದು ದೊಡ್ಡ ಕೆಲಸವಾಗಿತ್ತು. ಥ್ವೇಟರ ಕಿರಾಣಿ ಅಂಗಡಿಯಲ್ಲಿ ಸೋಮವಾರ ಅಂಟಿಸಿದ ಚೀಟಿಯ ಮೇಲೆ ಗುರುವಾರ ಇನ್ನೊಂದು. ಕೊಳ್ಳುವವರು ಮಾತ್ರ ಇಲ್ಲ. ನಮ್ಮ ಬರ್ನ್ಲಿ ಊರಿನ ಬಟ್ಟೆ ಗಿರಣಿ ವಾರಕ್ಕೆ ಮೂರೇ ದಿನ ಓಡುತ್ತಿತ್ತು.

"ಇದಕ್ಕೊಂದು ಹೆಸರಿದೆಯಂತೆ ಎನಿಡ್, ರೇಡಿಯೋದವನು ಹೇಳ್ದ. ಸ್ಟ್ಯಾಗ್‌ಫ್ಲೇಷನ್," ಎಂದರು ಥ್ವೇಟ್.

"ಹಾಗಂದ್ರೆ?"

"ಕೆಲಸ ನಿಂತ ನೀರು, ಬೆಲೆ ಉಕ್ಕೋ ಹಾಲು. ಎರಡೂ ಒಟ್ಟಿಗೆ ಆಗಲ್ಲ ಅಂತ ಪುಸ್ತಕದಲ್ಲಿ ಬರೆದಿದ್ರಂತೆ."

"ಬರೆದೋನು ನಮ್ಮ ಅಂಗಡಿಗೆ ಬಂದಿರ್ಲಿಲ್ಲ ಬಿಡಿ," ಎಂದೆ.

ನನಗೆ ಆ ಪದದ ಅರ್ಥ ತಿಳಿದದ್ದು ವಿಲ್ಫ್ರೆಡ್‌ನಿಂದ. ಆ ಗಿರಣಿಯ ನೇಕಾರ, ಐವತ್ತು ದಾಟಿದವನು, ತಾಯಿ ಸತ್ತ ಮೇಲೆ ಒಂಟಿ. ನನಗೆ ನಲವತ್ತೇಳು, ನನ್ನನ್ನು ಮದುವೆಗೆ ಯಾರೂ ಕೇಳಿರಲಿಲ್ಲ. ಏಪ್ರಿಲ್‌ನಲ್ಲಿ ಅವನು ಟೋಪಿ ತಿರುಗಿಸುತ್ತಾ, "ಒಂದು ಭಾನುವಾರ ನಿಮ್ಮನ್ನ ಟೀಗೆ ಕರೀಬೇಕು ಅಂತಿದೀನಿ. ಸ್ವಲ್ಪ ಕೈ ಸಡಿಲ ಆಗ್ಲಿ," ಎಂದಿದ್ದ. ಅವತ್ತಿನಿಂದ ನಾನು ಆ ಭಾನುವಾರಕ್ಕಾಗಿಯೇ ಬದುಕಿದೆ. ಸುಳ್ಳು ಯಾಕೆ ಹೇಳಲಿ?

ನಮ್ಮಲ್ಲಿ ಭಾನುವಾರದ ಟೀಗೆ ಹೆಂಗಸನ್ನು ಕರೆದರೆ ಕೆಂಪು ಸಾಲ್ಮನ್ ಮೀನಿನ ಡಬ್ಬಿ ಒಡೆಯಲೇಬೇಕು. ಬರೀ ಬ್ರೆಡ್ಡು ಜಾಮು ಇಟ್ಟರೆ ಇಡೀ ಬೀದಿ ಆಡಿಕೊಳ್ಳುತ್ತದೆ. ಹಾಗಾಗಿ ಪ್ರತಿ ಶುಕ್ರವಾರ ಅವನು ಬರುವನು, ಡಬ್ಬಿ ಎತ್ತಿ ಬೆಲೆ ನೋಡುವನು, ಇಟ್ಟುಬಿಡುವನು. ಏಪ್ರಿಲ್‌ನಲ್ಲಿ ಮೂವತ್ತೆಂಟು ಪೆನ್ಸ್, ಜೂನ್‌ನಲ್ಲಿ ನಲವತ್ತನಾಲ್ಕು, ಆಗಸ್ಟ್‌ನಲ್ಲಿ ಐವತ್ತೊಂದು. ಆ ಚೀಟಿಗಳನ್ನು ಅಂಟಿಸಿದ್ದು ನನ್ನದೇ ಕೈ. ಜಾಮ್ ಸಾಕು ಎಂದು ನಾನೇ ಹೇಳಬಹುದಿತ್ತು, ಆದರೆ ಕರೆಯುವ ಮೊದಲೇ ಹಾಗಂದರೆ ಮಾನಗೆಟ್ಟವಳು ಅನ್ನುವುದಿಲ್ಲವೇ?

ಕೊನೆಗೆ ತಡೆಯಲಾರದೆ ಒಂದು ಡಬ್ಬಿಯನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಂದೊಂದೇ ಚೀಟಿ ಕಿತ್ತೆ. ತಳದ ಮೂವತ್ತೆಂಟು ಕಂಡಿತು. ಶುಕ್ರವಾರ ಅದನ್ನು ಮುಂದಿನ ಸಾಲಿನಲ್ಲಿಟ್ಟೆ.

"ಇದೊಂದೇ ಯಾಕೆ ಮೂವತ್ತೆಂಟು?" ಎಂದ ವಿಲ್ಫ್ರೆಡ್.

"ಹೊಸ ಚೀಟಿ ಹಾಕೋದು ಮರೆತಿರ್ಬೇಕು. ತಗೊಳ್ರಿ, ನಿಮ್ಮ ಅದೃಷ್ಟ."

ಅವನು ಚೀಟಿಯ ಮೇಲೆ ಹೆಬ್ಬೆರಳು ಆಡಿಸಿದ. ಬಟ್ಟೆಯಲ್ಲಿ ಒಂದೆಳೆ ತಪ್ಪಿದರೂ ಬೆರಳಲ್ಲೇ ಹಿಡಿಯುವ ಮನುಷ್ಯ. ಒದ್ದೆ ಅಂಟು ಸಿಕ್ಕದೆ ಇರುತ್ತದೆಯೇ?

"ಕಿತ್ತಿದೀರಿ," ಎಂದ.

ನಾನು ಗಲ್ಲಾದ ಚಿಲ್ಲರೆ ಎಣಿಸತೊಡಗಿದೆ.

"ನಿಮ್ಮನ್ನ ಕರೆಯೋಕೆ ನಿಮ್ಮ ಹತ್ರಾನೇ ದಾನ ತಗೊಳ್ಳೋ ಗತಿ ಇನ್ನೂ ಬಂದಿಲ್ಲ ನನಗೆ."

ಡಬ್ಬಿಯನ್ನು ಮೆಲ್ಲಗೆ ಅದರ ಜಾಗದಲ್ಲೇ ಇಟ್ಟು ಹೋದ. ಆಮೇಲಿನ ಶುಕ್ರವಾರಗಳಲ್ಲಿ ಬರಲಿಲ್ಲ. ಬಾಗಿಲ ಗಂಟೆ ಅಲ್ಲಾಡಿದಾಗಲೆಲ್ಲ ತಲೆ ಎತ್ತಿ ಎತ್ತಿ ನನ್ನ ಕತ್ತು ನೋಯುತ್ತಿತ್ತು.

ಅಕ್ಟೋಬರಿನಲ್ಲಿ ಅವನ ಪಕ್ಕದ ಮನೆಯ ಮಿಸೆಸ್ ಕ್ರಾನ್ಶಾ ಸಕ್ಕರೆಗೆ ಬಂದಳು.

"ವಿಲ್ಫ್ರೆಡ್ ಊರು ಬಿಟ್ಟ ಕಣೇ. ಕಾರ್ಬಿಯಲ್ಲಿ ತಮ್ಮ ಇದಾನಲ್ಲ, ಅಲ್ಲಿಗೆ. ವಾಪಸ್ ಬರೋದಿಲ್ಲ ಅಂದ," ಎಂದಳು. "ಒಂಥರಾ ವಿಚಿತ್ರ ಮನುಷ್ಯ. ಪ್ರತಿ ಶನಿವಾರ ಅವರಮ್ಮನ ಪಿಂಗಾಣಿ ಕಪ್ಪು ತೊಳೆದು ಕಿಟಕೀಲಿ ಒಣಗೋಕಿಡ್ತಿದ್ದ. ಇರೋನು ಒಬ್ಬ, ಕಪ್ಪು ಎರಡು. ಯಾರಿಗೋ ಏನೋ."

ನಾನು ಸಕ್ಕರೆ ಕಟ್ಟಿಕೊಟ್ಟೆ.

ಆ ಡಬ್ಬಿಯನ್ನು ನಾನೇ ಕೊಂಡೆ, ಅಂದಿನ ಬೆಲೆಗೆ, ಐವತ್ತೆಂಟು ಪೆನ್ಸ್. ಭಾನುವಾರ ನಾಲ್ಕು ಗಂಟೆಗೆ ಒಳ್ಳೆಯ ಮೇಜುಬಟ್ಟೆ ಹಾಸಿ ಒಡೆದೆ. ವಾಸನೆಗೇ ಮೂಗು ಮುಚ್ಚಿಕೊಂಡೆ. ನನಗೆ ಚಿಕ್ಕಂದಿನಿಂದಲೂ ಮೀನು ಸೇರುವುದಿಲ್ಲ. ಅದನ್ನು ಹಿತ್ತಿಲಿನ ಬೆಕ್ಕಿಗೆ ಹಾಕಿ, ಬ್ರೆಡ್ಡಿಗೆ ಜಾಮ್ ಸವರಿಕೊಂಡು ಒಬ್ಬಳೇ ತಿಂದೆ.