ಎಂಟು ಕಿಲೋ ಕೌದಿ

ನಾ ಒಂದು ಕೌದಿ. ಹಗುರ ಕೌದಿ ಅಂತ ತಿಳ್ಕೋಬ್ಯಾಡ್ರಿ, ತೂಕ ಎಂಟು ಕಿಲೋ. ನನ್ನ ಹೊಲಿದಾಕಿ ಧಾರವಾಡದ ಮಲಪ್ರಭಾ. ಗದ್ದಲ, ಝಗಝಗ ಬೆಳಕು ಅಂದ್ರ ಆಕಿ ಮೈಯೆಲ್ಲಾ ನಡುಗ್ತದ. ಡಾಕ್ಟರು ಅದಕ್ಕ ಆಟಿಸಂ ಅಂತಾರ. ಸಣ್ಣಾಕಿದ್ದಾಗ ಹಾಸಿಗಿ ಒಟ್ಟಿನ ಬುಡಕ ಹೊಕ್ಕು ಮಲಗತಿದ್ಲಂತ. ಮೈಮ್ಯಾಲೆ ಭಾರ ಬಿದ್ರನ ಆಕಿಗೆ ಸಮಾಧಾನ. ದೊಡ್ಡಾಕಿ ಆದಮ್ಯಾಲೆ ಅವ್ವ ಸಾವಂತ್ರವ್ವನ ಹಳೇ ಇಳಕಲ್ ಸೀರಿ ಹರದು, ಗೇಣಿಗೊಂದು ಕಿಸೆ ಮಾಡಿ, ಹುಣಸಿ ಬೀಜ ತುಂಬಿ ನನ್ನ ಹೊಲಿದ್ಲು. ಆರು ವರ್ಷ ಆಕಿ ಮ್ಯಾಲೆ ಬಿದ್ಕೊಂಡಿದ್ದೆ. ಸುಖ ಅಂದ್ರ ಅದರೀ.

ಈ ವರ್ಷ ಬೆಂಗಳೂರಿನ ಒಂದು ಡಿಸೈನ್ ಮ್ಯೂಸಿಯಂನವ್ರು ಆಕಿ ಹೊಲಗಿಗಳ ಪ್ರದರ್ಶನ ಇಟ್ರು. ನನ್ನನ್ನೂ ಒಯ್ದು ಗ್ವಾಡಿಗೆ ನೇತು ಹಾಕಿದ್ರು! ಕೌದಿನ್ನ ಯಾರರೆ ನೇತು ಹಾಕ್ತಾರೇನ್ರಿ? ಬೀಜದ ಭಾರ ಎಲ್ಲಾ ಕೆಳಗ ಜಗ್ಗಿ, ಮ್ಯಾಲಿನ ಹೊಲಗಿ ಒಂದೊಂದ ಬಿಚ್ಚಲಿಕ್ಹತ್ತಿತು. ಆದ್ರ ನನ್ನ ಚಿಂತಿ ಅದಲ್ಲ. ನಾಳೆ ಉದ್ಘಾಟನೆ. ಮಂದಿ, ಮೈಕು, ಚಪ್ಪಾಳಿ. ಆಕಿ ನಡುಗಿದ್ರ ಯಾರು ಹಿಡೀಬೇಕು? ನಾ ಇಲ್ಲೆ ಮೊಳಿಗೆ ಜೋತಬಿದ್ದೀನಿ.

ಹೆದರಿದ್ಹಂಗ ಆತು. ಮರುದಿನ ಮಲಪ್ರಭಾ ಒಳಗ ಕಾಲಿಡೋದಕ್ಕೂ ಮೈಕು ಕೀಂವ್ ಅನ್ನೋದಕ್ಕೂ ಸರಿ ಹೋತು. ಆಕಿ ಎರಡೂ ಕಿವಿ ಮುಚ್ಚಿಕೊಂಡ್ಲು, ತುಟಿ ಬೆಳ್ಳಗಾದ್ವು. ಅಯ್ಯ ಶಿವನ, ಹರಕೊಂಡಾದ್ರೂ ಆಕಿ ಮ್ಯಾಲೆ ಬೀಳಬಾರದಾ ನಾನು! ಅಷ್ಟರಾಗ ಆಕಿನ ಓಡಿ ಬಂದು ನನ್ನ ಜಗ್ಗಿದ್ಲು.

“ಮೇಡಂ, ಮುಟ್ಟಬಾರದು!” ಕಾವಲಿನವ ಓಡಿ ಬಂದ.

“ಆಕಿನ ಹೊಲಿದಿದ್ದೋ ತಮ್ಮಾ ಅದು, ಕೈ ಬಿಡು!” ಅಂದ್ಲು ಮಗಳ ಜೋಡಿ ಬಂದಿದ್ದ ಸಾವಂತ್ರವ್ವ.

ಟರ್ ಅಂತ ನನ್ನ ಅಂಚು ಹರೀತು. ಹುಣಸಿ ಬೀಜ ನೆಲದ ತುಂಬ ಉಳ್ಳಾಡಿದ್ವು. ಮಲಪ್ರಭಾ ಅಲ್ಲೇ ಮಲಗಿ ನನ್ನ ತಲಿತನಕ ಎಳಕೊಂಡ್ಲು. ಎದಿ ಢವಢವ ಅಂತಿತ್ತು. ಉಳದಿದ್ದ ಭಾರ ಎಲ್ಲಾ ಆಕಿ ಮ್ಯಾಲೆ ಹಾಕಿದೆ. ಸಾವಕಾಶ ಉಸುರು ಹದಕ್ಕ ಬಂತು.

“ಇದೂ ಪ್ರದರ್ಶನದ ಭಾಗಾನಾ?” ಯಾರೋ ಪಿಸುಗುಟ್ಟಿದ್ರು.

ನನ್ನ ಬುಡಕಿಂದ ಮಲಪ್ರಭಾ ಅಂದ್ಲು: “ಹೌದು. ಇಷ್ಟೇ ಪ್ರದರ್ಶನ.”

ಪ್ರದರ್ಶನ ಮುಗದ ಮ್ಯಾಲೆ ನನ್ನ ಅಲ್ಲೇ ಇಟ್ಕೋತೀವಿ ಅಂದ್ರು ಮ್ಯೂಸಿಯಂನವ್ರು. ಮಲಪ್ರಭಾ ಚೆಲ್ಲಿದ ಬೀಜ ತುಂಬಿ, ಹರದ ಅಂಚು ಹೊಲಿದು, “ಇಟ್ಕೋರಿ, ಆದ್ರ ಮಲಗಿಸಿ ಇಡ್ರಿ” ಅಂದ್ಲು. ತನಗ ಹೊಸಾದು ಹೊಲಕೊಂಡಾಳಂತ. ಹೊಟ್ಟಿ ಉರೀತು, ಸುಳ್ಳ ಯಾಕ ಹೇಳ್ಲಿ.

ಈಗ ಮ್ಯೂಸಿಯಂನ ಮೂಲ್ಯಾಗ, ನೆಲದ ಮ್ಯಾಲೆ ಅದೀನಿ. ಬೇಕಾದವ್ರು ಬೂಟು ಬಿಚ್ಚಿ ನನ್ನ ಹೊಚ್ಕೊಂಡು ಮಲಗತಾರ. ನಿನ್ನೆ ಸೂಟು ಹಾಕಿದ ಸಾಹೇಬನೊಬ್ಬ, ಗಟ್ಟಿ ಆಳು, ಎರಡ ನಿಮಿಷ ನೋಡ್ತೀನಿ ಅಂತ ನಕ್ಕೋತ ಮಲಗಿದ. ಬಾಗಲಾ ಹಾಕೋ ಹೊತ್ತಾತ್ರಿ ಅಂತ ಕಾವಲಿನವ ಮೂರು ಸಲ ಕರದ್ರೂ, ಆತ ನನ್ನ ಅಂಚು ಬಿಡಲಿಲ್ಲ.