ಎಡ ಹಿಮ್ಮಡಿಯ ಇಪ್ಪತ್ತೊಂಬತ್ತು ಸಂದರ್ಶಕರು

ವೆಂಡೆಲ್‌ನ ಸೋಡಾ ಬಾಟಲಿ ಸಂಗ್ರಹಾಲಯದಲ್ಲಿ ಇದ್ದದ್ದು ಎರಡು ಕೋಣೆ, ಮುನ್ನೂರ ಹನ್ನೊಂದು ಬಾಟಲಿ, ಮರದ ನೆಲ ಗೀರದಂತೆ ಸಂದರ್ಶಕರು ಶೂ ಮೇಲೆ ಕಟ್ಟಿಕೊಳ್ಳುವ ಉಣ್ಣೆ ಚಪ್ಪಲಿ ಮೂವತ್ತು ಜೊತೆ, ಮತ್ತು ವೆಂಡೆಲ್. ನಿರ್ದೇಶಕ ಅವನೇ, ಟಿಕೆಟ್ ಹರಿಯುವವನೂ ಅವನೇ, ಧೂಳು ಹೊಡೆಯುವವನೂ ಅವನೇ. ಈ ಮೂವರಲ್ಲಿ ಕೈತುಂಬ ಕೆಲಸವಿದ್ದದ್ದು ಧೂಳು ಹೊಡೆಯುವವನಿಗೆ ಮಾತ್ರ.

ತೀಸಾ ನದಿ ದಂಡೆಯ ಆ ಊರಿನ ಚೌಕದ ಹಿಂದಿನ ಗಲ್ಲಿಯಲ್ಲಿ, ಅವನ ಎದುರು ಬಾಗಿಲೇ ಎಟೆಲ್ಕಾಳ ಗುಂಡಿ ಸಂಗ್ರಹಾಲಯ. ಅಂಗಿಯ ಗುಂಡಿ, ಕೋಟಿನ ಗುಂಡಿ, ಸತ್ತುಹೋದ ಯಾವನೋ ಬಿಷಪ್ಪನ ನಿಲುವಂಗಿಯ ಗುಂಡಿ.

"ಗುಂಡಿ ನೋಡೋಕೆ ಟಿಕೆಟ್ ಬೇರೆ ಕೇಡು! ತಲೆ ಬಗ್ಗಿಸಿ ತಮ್ಮ ಅಂಗಿ ನೋಡ್ಕೊಂಡ್ರೆ ಸಾಲ್ದಾ?" ಎಂದು ವೆಂಡೆಲ್ ಹನ್ನೊಂದು ವರ್ಷಗಳಿಂದ ಹಂಗಿಸುತ್ತಿದ್ದ.

"ಖಾಲಿ ಬಾಟ್ಲಿ ನೋಡೋರು ನಿನ್ನ ಹತ್ರ ಯಾಕೆ ಬರ್ತಾರೋ? ಹೆಂಡದಂಗಡಿ ಹಿತ್ಲಿಗೆ ಹೋಗ್ತಾರೆ," ಎನ್ನುತ್ತಿದ್ದಳು ಎಟೆಲ್ಕಾ.

ಹಾಗೆಂದು ಅವರಿಬ್ಬರೂ ಶತ್ರುಗಳೇನಲ್ಲ. ಮಧ್ಯಾಹ್ನ ಸೂಪು ಕುಡಿಯಲು ಹೋಗುವಾಗ ವೆಂಡೆಲ್ ತನ್ನ ಬೀಗದ ಕೈಯನ್ನು ಅವಳ ಕಿಟಕಿಯಲ್ಲಿಟ್ಟು ಹೋಗುತ್ತಿದ್ದ, ಯಾರಾದರೂ ಬಂದರೆ ಬಾಗಿಲು ತೆಗೆಯಲಿ ಎಂದು. ಆದರೆ ಅವಳ ಹೊಸ್ತಿಲು ಮಾತ್ರ ಅವನು ಒಮ್ಮೆಯೂ ದಾಟಿರಲಿಲ್ಲ. ದಾಟಿದರೆ ಸೋತಂತೆ ಎಂದು ಅವನ ಲೆಕ್ಕ. ಯಾವ ಆಟದಲ್ಲಿ ಸೋತಂತೆ ಎಂದು ಕೇಳಿದ್ದರೆ ಅವನಿಗೇ ಗೊತ್ತಿರಲಿಲ್ಲ.

ವಸಂತದಲ್ಲಿ ಪುರಸಭೆಯ ಕಾಗದ ಬಂತು. ಗಲ್ಲಿಯಲ್ಲಿ ಪ್ರವಾಸಿಗರಿಗೊಂದು ಶೌಚಾಲಯ ಬೇಕಂತೆ. ಎರಡು ಸಂಗ್ರಹಾಲಯಗಳಲ್ಲಿ ಯಾವುದಕ್ಕೆ ಜನ ಕಡಿಮೆಯೋ ಅದು ಜಾಗ ಬಿಡಬೇಕಂತೆ. ಕಳೆದ ವರ್ಷ ವೆಂಡೆಲ್‌ನ ಬಾಗಿಲಿಗೆ ಬಂದ ಅಷ್ಟೂ ಪ್ರವಾಸಿಗರು ಕೇಳಿದ್ದು ಶೌಚಾಲಯ ಎಲ್ಲಿ ಎಂದೇ. ಬಾಟಲಿಗಳಿಗೆ ಹೋಗಲು ಬೇರೆ ಜಾಗವಿರಲಿಲ್ಲ. ನಿಜ ಹೇಳಬೇಕೆಂದರೆ, ತಾನು ದುಡಿಯುತ್ತಿದ್ದ ಸೋಡಾ ಕಾರ್ಖಾನೆ ಮುಚ್ಚಿದ ಮೇಲೆ ವೆಂಡೆಲ್‌ಗೂ ಬೇರೆ ಜಾಗವಿರಲಿಲ್ಲ.

ತಪಾಸಣೆಗೆ ಬರುವವಳು ಬೋಗ್ಲಾರ್ಕಾ ಎಂಬ ಯುವ ಅಧಿಕಾರಿ. ಅವಳು ಸಂದರ್ಶಕರ ಪುಸ್ತಕವನ್ನು ಮುಟ್ಟುವುದೇ ಇಲ್ಲ, ನೇರ ಚಪ್ಪಲಿ ಬುಟ್ಟಿಗೆ ಕೈ ಹಾಕುತ್ತಾಳೆ ಎಂದು ಊರಿಗೆಲ್ಲ ಗೊತ್ತಿತ್ತು. ಪುಸ್ತಕದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಗೀಚಬಹುದು. ಉಣ್ಣೆ ಸವೆಯಬೇಕಾದರೆ ಯಾರಾದರೂ ಅದನ್ನು ಕಟ್ಟಿಕೊಂಡು ಮರದ ನೆಲದ ಮೇಲೆ ಜಾರಿರಲೇಬೇಕು. ಪುಸ್ತಕದಲ್ಲಿ ಐದು ವಿಧದ ಕೈಬರಹದಲ್ಲಿ "ಅದ್ಭುತ!" ಎಂದು ತಾನೇ ಬರೆದುಕೊಂಡಿದ್ದ ವೆಂಡೆಲ್‌ಗೆ ಆ ಶ್ರಮವೆಲ್ಲ ನೀರಿನಲ್ಲಿ ಹೋಮವಾದದ್ದು ತಿಳಿಯಿತು. ಚಪ್ಪಲಿಗಳೋ, ಅಂಗಡಿಯಿಂದ ತಂದ ದಿನದಷ್ಟೇ ಹೊಸದಾಗಿದ್ದವು.

ಸರಿ, ಅರವತ್ತೇಳರ ವಯಸ್ಸಿನಲ್ಲಿ ವೆಂಡೆಲ್ ಜಾರಲು ಶುರು ಮಾಡಿದ. ಒಂದೊಂದೇ ಜೊತೆ ಕಟ್ಟಿಕೊಂಡು ಕಪಾಟಿನಿಂದ ಕಪಾಟಿಗೆ ಹೋಗಿ, ತನ್ನದೇ ಬಾಟಲಿಗಳನ್ನು ಮೊದಲ ಸಲ ಕಂಡವನಂತೆ "ಓಹೋ!" ಎಂದು ಬೆರಗಾಗುತ್ತಿದ್ದ. ಬೆರಗಾಗದಿದ್ದರೆ ಉಣ್ಣೆ ಸರಿಯಾಗಿ ಸವೆಯದೇನೋ ಎಂಬ ಅನುಮಾನ ಅವನಿಗೆ. ಮೂರು ವಾರಗಳಲ್ಲಿ ಸೊಂಟ ಬಿದ್ದುಹೋಯಿತು, ಕೈಗೆ ಸಿಕ್ಕ ಹೊಸ ಚಪ್ಪಲಿಗಳೆಲ್ಲ ಹಳತಾದವು. ಬುಟ್ಟಿಯಲ್ಲಿ ಒಂದು ಜೊತೆ ತಾನಾಗಿಯೇ ಸವೆದಿದ್ದನ್ನು ಕಂಡು, ದೇವರು ದೊಡ್ಡವನು, ಒಂದು ದಿನದ ಕೆಲಸ ಉಳಿಯಿತು ಎಂದುಕೊಂಡ.

ಬೋಗ್ಲಾರ್ಕಾ ಬೆಳಗ್ಗೆ ಹನ್ನೊಂದಕ್ಕೆ ಬಂದಳು. ಅವನಿಟ್ಟ ಉಪ್ಪು ಬಿಸ್ಕತ್ತು ತಿನ್ನುತ್ತ ಚಪ್ಪಲಿಗಳನ್ನೆಲ್ಲ ಬೋರಲು ಹಾಕಿ ಸಾಲಾಗಿ ಜೋಡಿಸಿದಳು.

"ವೆಂಡೆಲ್ ಮಾಮ, ನಿಮ್ಮಲ್ಲಿಗೆ ಬರೋರೆಲ್ಲ ಎಡಗಾಲು ಎಳೀತಾರಾ?"

ವೆಂಡೆಲ್ ನೋಡಿದ. ಹೆಚ್ಚುಕಡಿಮೆ ಎಲ್ಲ ಎಡ ಚಪ್ಪಲಿಗಳೂ ಹಿಮ್ಮಡಿಯ ಹೊರಗಡೆಯೇ ಸವೆದಿದ್ದವು. ಹದಿನೆಂಟರಲ್ಲಿ ಹುಡುಗಿಯರ ಮುಂದೆ ಕೈಬಿಟ್ಟು ಸೈಕಲ್ ಹೊಡೆಯಲು ಹೋಗಿ ಮುರಿದುಕೊಂಡ ಕಾಲು ಅದು. ಆಗಲೂ ಯಾವ ಹುಡುಗಿಯೂ ಅವನ ಕಡೆ ನೋಡುತ್ತಿರಲಿಲ್ಲ.

"ಅದು... ಅಂಗವಿಕಲರ ಸಂಘದೋರು ಬಂದಿದ್ರಮ್ಮ," ಎಂದ.

"ಎಲ್ಲರಿಗೂ ಎಡಗಾಲೇನಾ?"

"ಇಲ್ಲಮ್ಮ," ಎಂದು ವೆಂಡೆಲ್ ಸ್ಟೂಲಿನ ಮೇಲೆ ಕುಸಿದ. "ಬಂದೋನು ನಾನೊಬ್ನೇ. ಇಪ್ಪತ್ತೊಂಬತ್ತು ಸಲ ಬಂದೆ. ಪ್ರತಿ ಸಲಾನೂ ನಂಗೆ ತುಂಬಾ ಇಷ್ಟವಾಯ್ತು."

ಬೋಗ್ಲಾರ್ಕಾ ನಗು ತಡೆದುಕೊಂಡಳು. ಆಮೇಲೆ ಸಾಲಿನಿಂದ ಒಂದು ಜೊತೆ ಎತ್ತಿದಳು. "ಇದು ನಿಮ್ಮದಲ್ಲ. ಬಲಗಾಲಿನ ಹೆಬ್ಬೆರಳ ಹತ್ರ ತೂತೇ ಬಿದ್ದಿದೆ. ಯಾರೋ ಒಬ್ರು ನಿಜವಾಗ್ಲೂ ಬಂದಿದಾರೆ. ಒಂದ್ಸಲ ಅಲ್ಲ, ಬೇಕಾದಷ್ಟು ಸಲ. ಯಾರು?"

ವೆಂಡೆಲ್‌ಗೆ ಗೊತ್ತಿರಲಿಲ್ಲ. ಬೋಗ್ಲಾರ್ಕಾ "ಒಂದು" ಎಂದು ಬರೆದುಕೊಂಡು ಎದುರು ಬಾಗಿಲಿಗೆ ನಡೆದಳು. ಎಟೆಲ್ಕಾ ಸಿಕ್ಕಿಬೀಳುವುದನ್ನು ನೋಡುವ ಆಸೆ ತಡೆಯಲಾರದೆ ವೆಂಡೆಲ್ ಹೊಸ್ತಿಲವರೆಗೆ ಹಿಂಬಾಲಿಸಿದ.

ಅಲ್ಲಿಯೂ ಚಪ್ಪಲಿಗಳು ಬೋರಲು ಬಿದ್ದವು. ಮೂವತ್ತಕ್ಕೆ ಮೂವತ್ತೂ ಬಲ ಹೆಬ್ಬೆರಳ ಬಳಿ ಸವೆದಿದ್ದವು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಎಟೆಲ್ಕಾ, ನಡೆಯುವಾಗಲೂ ಆ ಬೆರಳನ್ನೇ ಊರುತ್ತಿದ್ದಳು.

"ಏನ್ ನೋಡ್ತೀಯ? ನಾನೂ ಜಾರಿದೆ," ಎಂದಳು ಅವಳು, ವೆಂಡೆಲ್‌ನ ಮುಖ ನೋಡದೆ.

"ನನ್ನ ಬುಟ್ಟೀಲಿ ಇರೋದು?"

"ನೀನು ಸೂಪಿಗೆ ಹೋದಾಗ ಬರ್ತಿದ್ದೆ. ಆ ಕಿಟಕಿ ಹತ್ರದ ನೀಲಿ ಬಾಟ್ಲಿ ನೋಡೋಕೆ."

ಆ ನೀಲಿ ಬಾಟಲಿಯ ಕೆಳಗೆ "ಮಾಲೀಕರು ತಿಳಿದಿಲ್ಲ" ಎಂಬ ಚೀಟಿಯನ್ನು ವೆಂಡೆಲ್ ಹನ್ನೊಂದು ವರ್ಷಗಳ ಹಿಂದೆ ತನ್ನ ಕೈಯಾರೆ ಅಂಟಿಸಿದ್ದ.

"ಹಾಗಿದ್ರೆ ವೆಂಡೆಲ್ ಮಾಮನಿಗೆ ಒಂದು, ನಿಮಗೆ ಸೊನ್ನೆ," ಎಂದಳು ಬೋಗ್ಲಾರ್ಕಾ, ಮೆಲ್ಲಗೆ.

ಎಟೆಲ್ಕಾ ಗೋಡೆಯ ಮೇಲೆ ನೆಟ್ಟಗೇ ಇದ್ದ ಒಂದು ಚೌಕಟ್ಟನ್ನು ಮತ್ತೆ ನೆಟ್ಟಗೆ ಮಾಡಿದಳು. ವೆಂಡೆಲ್ ಗೆದ್ದಿದ್ದ, ಅದೂ ಅವಳ ಕಾಲಿನಿಂದ. ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಅವನು ಒಳಗೆ ಬಂದು, ಒಂದು ಜೊತೆ ಚಪ್ಪಲಿ ಎತ್ತಿಕೊಂಡು, ಮುರಿದ ಸೊಂಟವನ್ನು ಬಗ್ಗಿಸಿ ಕಟ್ಟಿಕೊಳ್ಳತೊಡಗಿದ.

"ಎಣಿಕೆ ಯಾವಾಗಿನವರೆಗೆ ಅಮ್ಮ?"

"ಇವತ್ತು ಬಾಗಿಲು ಹಾಕೋವರೆಗೆ."

"ಹಾಗಾದ್ರೆ ನಂಗೊಂದು ಟಿಕೆಟ್ ಹರಿಯೇ, ಎಟೆಲ್ಕಾ."

ಬೋಗ್ಲಾರ್ಕಾ ಕಾಗದ ತಿರುವಿ ನೋಡಿದಳು. "ಕಡಿಮೆ ಇದ್ದೋರು ಬಿಡ್ಬೇಕು ಅಂತಿದೆ. ಸಮ ಇದ್ರೆ ಏನ್ಮಾಡ್ಬೇಕು ಅಂತ ಯಾರೂ ಬರೆದಿಲ್ಲ," ಎಂದು ಪೆನ್ನು ಮುಚ್ಚಿ, ಜೇಬಿನಲ್ಲಿದ್ದ ಇನ್ನೊಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡು ಹೊರಟುಹೋದಳು.

ಎಟೆಲ್ಕಾ ಅವನನ್ನು ಮೊದಲ ಕಪಾಟಿನ ಮುಂದೆ ನಿಲ್ಲಿಸಿದಳು. ಒಳಗೆ ಹಿತ್ತಾಳೆಯದೊಂದು ದೊಡ್ಡ ಗುಂಡಿಯಿತ್ತು.

"ನಮ್ಮಪ್ಪನ ಕೋಟಿಂದು. ಸೋಡಾ ಗಾಡಿ ಹೊಡೆಯೋವಾಗ ಇದೇ ಕೋಟು ಹಾಕ್ಕೋತಿದ್ದ. ಆ ನೀಲಿ ಬಾಟ್ಲಿ ಅವನದೇ."

"ಮತ್ತೆ ಹೇಳಬಾರದಿತ್ತೇನೇ?"

"ನೀನು ಬಂದು ಕೇಳಬಾರದಿತ್ತೇನೋ?"

ವೆಂಡೆಲ್ ಜೇಬಿನಿಂದ ಪೆನ್ಸಿಲ್ ತೆಗೆದು, ಟಿಕೆಟ್ಟಿನ ಬೆನ್ನಿನ ಮೇಲೆ ಬರೆದುಕೊಳ್ಳಲು ಸಿದ್ಧನಾದ.

"ಅವರ ಹೆಸರು ಹೇಳು," ಎಂದ.