ಷರತ್ತಿನ ಒಪ್ಪಿಗೆ

ಮೂರು. ಫೋನಿನಲ್ಲಿ ಅವಳ ಸರದಿ ಸಂಖ್ಯೆ ಬೆಳಿಗ್ಗೆ ಐದಿತ್ತು. ಎಸ್ಪೋದ ವಿಶ್ವವಿದ್ಯಾಲಯದ ಕಾಯುವ ಪಟ್ಟಿಯಿಂದ ಯಾರೋ ಇಬ್ಬರು ಸರಿದುಕೊಂಡಿದ್ದರು. ಸೈಮಿ ಕೂತಲ್ಲೇ ಮೇಲೇರಿದ್ದಳು.

ಎಂಜಿನಿಯರಿಂಗ್ ಅರ್ಜಿಯಲ್ಲಿ ಎಸ್ಪೋವನ್ನು ಮೊದಲು ಬರೆದದ್ದು ಗಣಿತದ ಮೇಷ್ಟ್ರು ಹೇಳಿದರೆಂದು. ತಾಂಪೆರೆಯನ್ನು ಎರಡನೆಯದಾಗಿ ಬರೆದದ್ದು ಅಪ್ಪ ಅಲ್ಲಿ ಓದಿದ್ದನೆಂದು. ಸೀಟು ಸಿಕ್ಕಿದ್ದು ತಾಂಪೆರೆಯಲ್ಲಿ. ಇವತ್ತು ಮಧ್ಯಾಹ್ನ ಮೂರರೊಳಗೆ ಉತ್ತರ ಕೊಡಬೇಕು. ಖಾಯಂ ಒಪ್ಪಿದರೆ ಎಸ್ಪೋದ ಸರದಿ ಹೋಯಿತು. ಷರತ್ತಿನ ಮೇಲೆ ಒಪ್ಪಿದರೆ, ಎಸ್ಪೋದಲ್ಲಿ ಜಾಗ ತೆರವಾದ ಕ್ಷಣ ತಾಂಪೆರೆಯ ಸೀಟು ತಾನಾಗಿ ಕೈಬಿಟ್ಟುಹೋಗುತ್ತದೆ. ಅವಳನ್ನು ಯಾರೂ ಕೇಳುವುದಿಲ್ಲ. ಸುಮ್ಮನಿದ್ದರೆ ಎರಡೂ ಇಲ್ಲ.

ಸಂತೆಕಟ್ಟೆಯ ಅಂಗಡಿಯಲ್ಲಿ ಅವಳು ಹಸಿ ಬಟಾಣಿ ಅಳೆಯುತ್ತಿದ್ದಳು. ಬೇಸಿಗೆ ರಜೆಯ ಕೆಲಸ. ಊಟದ ಬಿಡುವಿನಲ್ಲಿ ಅಪ್ಪ ತೌನೊ ಬಂದು ನಿಂತ.

"ಗುಂಡಿ ಒತ್ತಿದ್ಯಾ?"

"ಇನ್ನೂ ಇಲ್ಲ."

"ಹೀಗೆ ಬಟಾಣಿ ಅಳೆದ್ರೆ ಗಿರಾಕಿ ಮನೆಗೆ ಹೋಗಿ ಊಟ ಮುಗಿಸಿ ಬರ್ತಾನೆ. ನಾನು ಎಂಜಿನಿಯರಿಂಗ್ ಓದುವಾಗ ಹಾಕ್ತಿದ್ದ ಕುಚ್ಚಿನ ಟೋಪಿ ನಿನಗೆ ಅಂತ ಅಟ್ಟದಿಂದ ಇಳಿಸಿ ಬಿಸಿಲಿಗಿಟ್ಟಿದೀನಿ."

"ಅಪ್ಪ, ನೀನು ತಾಂಪೆರೆ ಹೇಗೆ ಆರಿಸ್ಕೊಂಡೆ?"

ಅವನು ಒಂದು ಬಟಾಣಿ ಬಿಡಿಸಿ ಬಾಯಿಗೆ ಹಾಕಿಕೊಂಡ. "ಗೆಳೆಯ ಓಸ್ಮೋ ಅಲ್ಲಿಗೆ ಹೊರಟಿದ್ದ. ಅವನ ಹತ್ರ ಕಾರಿತ್ತು."

"ಅಷ್ಟೇನಾ?"

"ಮತ್ತೇನಿರಬೇಕಿತ್ತು? ಇಪ್ಪತ್ತೊಂಬತ್ತು ವರ್ಷ ಸೇತುವೆ ಕಟ್ಟಿಲ್ವಾ? ಚೆನ್ನಾಗೇ ಇದೆ." ಸಿಪ್ಪೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಮತ್ತೆ ಹೇಳಿದ, "ಚೆನ್ನಾಗೇ ಇದೆ."

ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಹೊಟ್ಟೆಕಿಚ್ಚಾಯಿತು. ಕಾರಿದ್ದ ಗೆಳೆಯನೊಬ್ಬ ತನಗೂ ಇದ್ದಿದ್ದರೆ.

ಎರಡೂ ಕಾಲಿಗೆ ಅಂಗಡಿ ಮುಚ್ಚಿ, ದ್ವೀಪದ ಮನೆಗೆ ಹೋಗಲು, ಕಾರುಗಳನ್ನು ಹೊತ್ತು ಉಕ್ಕಿನ ಹಗ್ಗದ ಗುಂಟ ದಡದಿಂದ ದಡಕ್ಕೆ ಸಾಗುವ ಹಗ್ಗದ ದೋಣಿ ಹತ್ತಿದಳು. ನಾಲ್ಕು ಕಾರು, ಅವಳು. ಫೋನಿನಲ್ಲಿ ಸರದಿ ನೋಡಿದಳು. ಒಂದು.

ಸಂತೋಷವಾಗಬಹುದೆಂದು ಕಾದಳು, ಆಗಲಿಲ್ಲ. ಈ ಎರಡು ವಾರ ಯಾರಾದರೂ ಏನು ಮಾಡುತ್ತಿದ್ದೀ ಎಂದರೆ ಕಾಯುತ್ತಿದ್ದೇನೆ ಎಂದು ಹೇಳಬಹುದಿತ್ತು. ಅದೊಂದು ಕೆಲಸದ ಹಾಗೇ ಇತ್ತು. ಸೇತುವೆ ಕಟ್ಟುವುದು ನಿನಗಿಷ್ಟವೇ ಎಂದು ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡಳು.

ದೋಣಿ ದ್ವೀಪ ಮುಟ್ಟಿತು. ಕಾರುಗಳು ಇಳಿದವು. ಚಾಲಕ ತನ್ನ ಗೂಡಿನ ಕಿಟಕಿ ಸರಿಸಿದ.

"ಇಳಿಯಲ್ವೇನಮ್ಮ? ನಿಮ್ಮನೆ ಈ ಕಡೆ ತಾನೆ?"

"ಏನೋ ಮರೆತೆ."

"ಪೇಟೇಲಾ?"

"ಗೊತ್ತಿಲ್ಲ."

"ಸರಿ ಬಿಡು. ಟಿಕೆಟ್ಟಂತೂ ಇಲ್ಲ, ಎಷ್ಟು ಸಲ ಬೇಕಾದ್ರೂ ಹೋಗಿ ಬಾ. ನಾನು ಹನ್ನೊಂದು ವರ್ಷದಿಂದ ಅದನ್ನೇ ಮಾಡ್ತಿದೀನಿ."

ಗಂಟೆ ಎರಡೂ ಐವತ್ತಾರು. ಫೋನಿನ ಪರದೆಯ ಮೇಲೆ ಎರಡು ಗುಂಡಿ, ಖಾಯಂ ಒಂದು, ಷರತ್ತು ಒಂದು, ಒಂದೇ ಅಳತೆ, ಒಂದೇ ಬಣ್ಣ. ಅವಳ ಹೆಬ್ಬೆರಳು ಎರಡರ ನಡುವಿನ ಬಿಳಿಯ ಮೇಲಿತ್ತು.

ದೋಣಿ ತಿರುಗಲಿಲ್ಲ. ಅದಕ್ಕೆ ತಿರುಗುವ ಅಗತ್ಯವಿರಲಿಲ್ಲ. ಎರಡು ತುದಿಯೂ ಒಂದೇ ಥರ. ಚಾಲಕ ಎದ್ದು ತನ್ನ ಕುರ್ಚಿಯನ್ನು ಪೇಟೆಯ ಕಡೆಗೆ ತಿರುಗಿಸಿ ಕೂತ. ಹಿಂದಿದ್ದದ್ದು ಮುಂದಾಯಿತು. ಉಕ್ಕಿನ ಹಗ್ಗ ನೀರಿನಿಂದ ತೊಟ್ಟಿಕ್ಕುತ್ತ ಮೇಲೆದ್ದು, ಅವಳ ಕಾಲ ಬಳಿ ಹಾದು, ಹಿಂಬದಿಯಲ್ಲಿ ಸದ್ದಿಲ್ಲದೆ ಮುಳುಗತೊಡಗಿತು.